ಸ್ನೊಕ್ವಾಲ್ಮಿಯಲ್ಲೊಂದು ಕಾವಲು

ತೇಲುವ ಸೇತುವೆ

ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿ ಮರ್ಸರ್ ಐಲ್ಯಾಂಡ್ ಮುಟ್ಟುವ ಮೊದಲು ಒಂದು ಸರೋವರದ ಮೇಲೆ ತೇಲುತ್ತದೆ. ಉಪಮೆಗಾಗಿ ಹೇಳುತ್ತಿಲ್ಲ. ಆ ಸೇತುವೆ ದೋಣಿಯ ಹಾಗೆ ನೀರಿನ ಮೇಲೇ ಕುಳಿತಿದೆ. ಸುಮಿತ್ರಾ ಇದನ್ನು ಮೊದಲೇ ಹೇಳಿದ್ದರೆ ನಾನು ಕಾರಿನಲ್ಲಿ ಅಷ್ಟು ನಿಶ್ಚಿಂತೆಯಿಂದ ತೂಕಡಿಸುತ್ತಿರಲಿಲ್ಲ. ಕಣ್ಣು ಬಿಟ್ಟಾಗ ಕಾರಿನ ಎರಡೂ ಕಡೆ ನೀರು, ನನ್ನ ಮೊಣಕೈಯ ಮಟ್ಟಕ್ಕೆ. ದಡ ಕಾಣುತ್ತಿರಲಿಲ್ಲ.

"ಎಲ್ಲಿದೀವೇ?"

"ನೀರ ಮೇಲೆ. ಹೆದರ್ಕೋಬೇಡ ಲಲಿತಾ, ದಿನಾ ಇದರ ಮೇಲೇ ಡ್ರೈವ್ ಮಾಡ್ತೀನಿ. ಹಳೇದು ಒಂದ್ಸಲ ಮುಳುಗಿತ್ತಂತೆ. ಇದು ಮುಳುಗಿದ್ರೆ ನಂಗೆ ಆಫೀಸಿಗೆ ರಜ."

ಆ ದಿನದ ಡೈರಿಯಲ್ಲಿ "ಒಳ್ಳೆಯ ಬಿಸಿಲು" ಎಂದು ಬರೆದಿದ್ದೇನೆ. ನೆನಪಿನಲ್ಲಿರುವುದು ಮಾತ್ರ ಮಂಜು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಾದ್ದರಿಂದ ಬರಹವನ್ನು ನಂಬಬೇಕು. ಆದರೆ ವಿಮಾನ ಇಳಿದ ಆಯಾಸದಲ್ಲಿ ಬರೆದವಳೂ ನಾನೇ, ಮಂಜನ್ನು ಕಂಡವಳೂ ನಾನೇ. ಈ ಕಥನದಲ್ಲಿ ಇಂಥ ಜಾಗಗಳು ಇನ್ನೂ ಬರುತ್ತವೆ. ಬಂದಾಗ ಹೇಳುತ್ತೇನೆ.

ಸುಮಿತ್ರಾ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಸಂಶೋಧನೆಗೆಂದು ಇಲ್ಲಿಗೆ ಬಂದವಳು ವಿಮಾನದ ಬಾಗಿಲುಗಳ ವಿನ್ಯಾಸದಲ್ಲಿ ನೆಲೆ ನಿಂತಳು. ಆಕಾಶದಲ್ಲಿ ಬಾಗಿಲು ತೆರೆಯದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ೨೦೦೬ರಲ್ಲಿ ಬೆಟ್ಟದ ತಪ್ಪಲಿನ ಸ್ನೊಕ್ವಾಲ್ಮಿಯಲ್ಲಿ ಹೊಸ ಮನೆ ಕೊಂಡು, ಮೇ ತಿಂಗಳಿಗೆ ಗೃಹಪ್ರವೇಶ ಇಟ್ಟುಕೊಂಡು, ನನಗೆ ಫೋನು ಮಾಡಿದ್ದಳು. "ಹಿರಿಯರು ಅಂತ ಯಾರೂ ಇಲ್ಲ ಕಣೆ, ನೀನಾದ್ರೂ ಬಾ." ನಾನು ಅವಳಿಗಿಂತ ಎರಡು ತಿಂಗಳು ಚಿಕ್ಕವಳು. ಹಿರಿಯಳಾದದ್ದು ಯಾವಾಗ ಎಂದು ಕೇಳುವಷ್ಟರಲ್ಲಿ ಅವಳು ಫೋನು ಇಟ್ಟಿದ್ದಳು.

ಕಾರ್ಪೆಟ್ಟಿನ ಮೇಲೆ ಹಸು

ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿವೆ. ಮೊದಲ ಬೆಳಿಗ್ಗೆ ತಿರುಗಾಡಲು ಹೋದವಳು ವಾಪಸು ಬಂದು, ತೆರೆದ ಗರಾಜಿನಿಂದ ಒಳಗೆ ನುಗ್ಗಿ, ಚಪ್ಪಲಿ ಬಿಟ್ಟು, ಅಡುಗೆಮನೆಗೆ ಹೋಗಿ "ಕಾಫಿ ಆಯ್ತೇನೇ?" ಅಂದೆ. ಒಲೆಯ ಮುಂದೆ ನಿಂತಿದ್ದ ತೆಲುಗಿನ ಹೆಂಗಸು ತಿರುಗಿ ನೋಡಿದಳು. ನಾನು ಬೆವತೆ. ಅವಳು ಒಂದು ಕ್ಷಣ ತಡೆದು, "ಕೂರ್ಚೋಂಡಿ ಆಂಟೀ, ಅವುತುಂದಿ" ಎಂದು ಕುರ್ಚಿ ತೋರಿಸಿ ಇನ್ನೊಂದು ಲೋಟ ಹಾಲು ಕಾಯಲು ಇಟ್ಟಳು. ಕುಡಿದೇ ಬಂದೆ. ಕೇಳದೆ ಒಳಗೆ ಹೋದವಳಿಗೆ ಸಿಕ್ಕ ಆ ಕಾಫಿಯ ರುಚಿ ಈಗಲೂ ಖಚಿತವಾಗಿ ನೆನಪಿದೆ.

ಸುಮಿತ್ರಾಳ ಮನೆಯಲ್ಲಿ ವಾದ ನಡೆದಿತ್ತು. ವಾಸ ಆಗಲೇ ಶುರುವಾಗಿತ್ತು, ಶಾಸ್ತ್ರ ಮಾತ್ರ ಬಾಕಿ. ಬೇರೆ ಮನೆಗಳವರು ಬೆಳ್ಳಿಯ ಹಸುವನ್ನೋ ಹಸುವಿನ ಪಟವನ್ನೋ ಹೊಸ್ತಿಲು ದಾಟಿಸಿ ಮುಗಿಸಿದ್ದರು. ಸುಮಿತ್ರಾಗೆ ಜೀವಂತ ಹಸುವೇ ಬೇಕು.

"ಮಾಮ್, ದಟ್ಸ್ ಎ ಲಿವಿಂಗ್ ರೂಮ್, ನಾಟ್ ಎ ಬಾರ್ನ್," ಎಂದಳು ಅನಘಾ. ಸುಮಿತ್ರಾಳ ಮಗಳು, ಹದಿನೇಳು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಪ್ಲಾಸ್ಟಿಕ್ ಹಾಸ್ತೀನಿ ಕಣೆ."

"ಇಫ್ ಇಟ್ ಪೂಪ್ಸ್?"

"ಹಾಕಿದ್ರೆ ಇನ್ನೂ ಒಳ್ಳೇದು, ಶುಭ!"

"ಯು ಆರ್ ಎನ್ ಎಂಜಿನಿಯರ್, ಅಮ್ಮಾ."

"ಅದಕ್ಕೇ. ಲೋಡ್ ಟೆಸ್ಟ್ ಇಲ್ದೆ ನಾನು ಯಾವ ಬಾಗಿಲನ್ನೂ ಪಾಸ್ ಮಾಡಲ್ಲ."

ಕೊನೆಗೆ ಗರಾಜಿನ ಬಾಗಿಲಿನಿಂದ ಒಳಗೆ ಬಂದರೆ ಸಾಕು, ಗರಾಜೂ ಮನೆಯೇ, ಎಂದು ಪುರೋಹಿತರು ಫೋನಿನಲ್ಲಿ ಒಪ್ಪಿದರಂತೆ. ಇನ್ನು ಹಸು ಹುಡುಕಬೇಕಿತ್ತು. ಗುಡ್ಡದ ಕೆಳಗೆ, ಕಣಿವೆಯ ಒಳತುದಿಯಲ್ಲಿ, ಒಬ್ಬ ಮುದುಕಿಯ ದನದ ರ‍್ಯಾಂಚ್ ಇತ್ತು. "ಬೀಫಿನ ದನ ಅಂತ ಪುರೋಹಿತರ ಹತ್ರ ಬಾಯಿ ಬಿಡಬೇಡ," ಎಂದು ಸುಮಿತ್ರಾ ಕಾರಿನಲ್ಲಿ ನನ್ನಿಂದ ಆಣೆ ಮಾಡಿಸಿಕೊಂಡಳು. "ಒಂದು ಹಾಲಿನ ಜರ್ಸಿ ಇದೆಯಂತೆ, ಸಾಕಿದ್ದು. ಅದರ ಹೆಸರು ಪರ್ಲ್. ಮುತ್ತು ಅಂತ. ಮುತ್ತು ಅಂದ್ಮೇಲೆ ಲಕ್ಷ್ಮೀನೇ."

ಡೋರತಿಯ ಅಡುಗೆಮನೆ

ದಾರಿಯ ಎರಡೂ ಕಡೆ ಸೀಡರ್ ಮರಗಳು ಎಷ್ಟು ಎತ್ತರವಿದ್ದವೆಂದರೆ ಮಧ್ಯಾಹ್ನವೂ ಬೆಳಗಿನ ಜಾವದ ಹಾಗೆ ಕಾಣುತ್ತಿತ್ತು. ಆಮೇಲೆ ಒಮ್ಮೆಗೇ ಕಾಡು ಸರಿದು ಬಯಲು ಬಂತು. ಸುತ್ತ ಬೆಟ್ಟ, ನಡುವೆ ಬಟ್ಟಲಿನಂತೆ ಹುಲ್ಲು, ಅಲ್ಲಲ್ಲಿ ಕೆಂಪು ದನ. ನಾನು "ಕಾವಲು!" ಅಂದುಬಿಟ್ಟೆ. ದನ ಮೇಯಲೆಂದೇ ಬಿಟ್ಟ ನಮ್ಮ ಕಡೂರು ಸೀಮೆಯ ಆ ಬಯಲಿಗೆ ಇಷ್ಟು ನೀರೂ ಇಲ್ಲ, ಇಂಥ ಬೆಟ್ಟವೂ ಇಲ್ಲ. ಆದರೂ ಬೇರೆ ಪದ ಬರಲಿಲ್ಲ.

ಡೋರತಿ ಎಪ್ಪತ್ತು ದಾಟಿದ ವಿಧವೆ. ಮಂಡಿನೋವಿನಿಂದಾಗಿ ಮೂರು ಮೆಟ್ಟಿಲು ಇಳಿಯುವಾಗಲೂ ಕಂಬಿಯನ್ನು ಬೈಯುತ್ತಿದ್ದರು. ಅವರ ಇಂಗ್ಲಿಷನ್ನು ನಾನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರು ನನಗೆ ಕೇಳಿಸಿದ್ದೇ ಹಾಗೆ, ಸಂತೆಯಿಂದ ಬಂದು ಚೀಲ ಇಳಿಸುತ್ತಾ ಮಾತಾಡುವ ಹೆಂಗಸಿನ ಹಾಗೆ.

"ಹಸೂನ ಮನೆಯೊಳಗೆ ಕರ್ಕೊಂಡು ಹೋಗಿ ಏನ್ ಮಾಡ್ತೀರಿ?"

ಸುಮಿತ್ರಾ ವಿವರಿಸಿದಳು. ಹಸು ಮೊದಲು ಕಾಲಿಟ್ಟರೆ ಮನೆಗೆ ಒಳ್ಳೆಯದು, ಆಮೇಲೆ ನಾವು.

"ನಂದೂ ಹಾಗೇ ಆಗಿದ್ದು," ಎಂದು ಡೋರತಿ ನಕ್ಕರು. "ಇಲ್ಲಿ ಮೊದಲು ಬಂದಿದ್ದು ದನ. ಆಮೇಲೆ ನನ್ನ ಗಂಡನ ಅಜ್ಜ. ಆಮೇಲೆ ನಾನು. ಪರ್ಲ್ ಒದೆಯಲ್ಲ. ಬಾಳೆಹಣ್ಣು ಕಂಡ್ರೆ ಮಾತ್ರ ಮರ್ಯಾದೆ ಮರೀತಾಳೆ."

ಕಾಫಿ ಬಂತು, ನಮ್ಮ ಕಷಾಯದ ಬಣ್ಣದ್ದು. ಕಾಫಿಯ ಜೊತೆ ರ‍್ಯಾಂಚಿನ ಚರಿತ್ರೆಯೂ ಬಂತು. ಗಂಡನ ಅಜ್ಜ ಈ ಕಣಿವೆಗೆ ಬಂದಾಗ ಕಾಡಿನ ನಡುವೆ ಈ ಬಯಲು ಹೀಗೇ ತಯಾರಾಗಿತ್ತಂತೆ. ಮರ ಕಡಿಯುವ ಕೆಲಸವೇ ಇರಲಿಲ್ಲ. ಕಂಡದ್ದಕ್ಕೆ ಬೇಲಿ ಹಾಕಿದ. ಮೊದಲು ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿ ಬೆಳೆದ. ಹುಳ ಬಿದ್ದು ಹೋಯಿತು. ಆಮೇಲೆ ದನ. ಕಣಿವೆಯ ಮೂಲದ ಸ್ನೊಕ್ವಾಲ್ಮಿ ಜನ ಹಾಪ್ಸ್ ಕೀಳಲು ಕೂಲಿಗೆ ಬರುತ್ತಿದ್ದರು. ಕೂಲಿ ನಿಂತ ಮೇಲೂ ಒಂದು ಕುಟುಂಬ ಮಾತ್ರ ಪ್ರತಿ ವಸಂತದಲ್ಲೂ ಬರುತ್ತದೆ, ಮೇಲಿನ ಹುಲ್ಲುಗಾವಲಿಗೆ. ಕ್ಯಾಮಸ್ ಎಂಬ ನೀಲಿ ಹೂವಿನ ಗೆಡ್ಡೆ ಅಗೆಯಲು.

"ನಾನು ಇಲ್ಲಿಗೆ ಸೊಸೆಯಾಗಿ ಬಂದಾಗಿಂದ ನೋಡ್ತಾ ಇದೀನಿ. ಅವರ ಟ್ರಕ್ಕು ಬರುತ್ತೆ, ನಾನು ಈ ಕಿಟಕಿಯಿಂದ ಕೈ ಬೀಸ್ತೀನಿ, ಬನ್ನಿ ಅಂತ. ಅವರೂ ಬೀಸ್ತಾರೆ. ಒಂದು ದಿನಾನೂ ಬೇಡ ಅಂದಿಲ್ಲ ನಾನು." ಡೋರತಿ ಲೋಟ ಕೆಳಗಿಟ್ಟರು. "ಈಗ ಅದೇ ತಲೆನೋವು."

ತಲೆನೋವು ಇದು. ಮಂಡಿ ಸೋತದ್ದರಿಂದ ಅವರು ಮೇಲಿನ ಹುಲ್ಲುಗಾವಲನ್ನು ಮನೆ ಕಟ್ಟುವ ಕಂಪನಿಯೊಂದಕ್ಕೆ ಮಾರಿ, ಊರೊಳಗೆ ಮೆಟ್ಟಿಲಿಲ್ಲದ ಮನೆಗೆ ಹೋಗಬೇಕೆಂದಿದ್ದರು. ಗೆಡ್ಡೆ ಅಗೆಯುವ ಕುಟುಂಬ ಆಕ್ಷೇಪಿಸಿತು. ನಾವು ತಲೆಮಾರುಗಳಿಂದ ಆ ದಾರಿಯಲ್ಲಿ ಬಂದು ಆ ನೆಲ ಅಗೆದವರು, ಆ ಹಕ್ಕು ನಮ್ಮದು, ಮಾರಿದರೂ ಅದು ಉಳಿಯಬೇಕು, ಅಂತ. ಮುಂದಿನ ವಾರ ಎರಡೂ ಕಡೆಯ ವಕೀಲರು ಡೋರತಿಯಿಂದ ಪ್ರಮಾಣದ ಮೇಲೆ ಹೇಳಿಕೆ ಪಡೆಯುವವರಿದ್ದರು. ಕೇಳುವುದು ಮುಖ್ಯವಾಗಿ ಒಂದೇ ಪ್ರಶ್ನೆ: ಅವರು ನಿಮ್ಮ ಅಪ್ಪಣೆಯಿಂದ ಬರುತ್ತಿದ್ದರೇ?

"ಹೌದು ಅಂದ್ರೆ ಅವರದು ಹಕ್ಕಲ್ಲ, ನನ್ನ ಔದಾರ್ಯ. ಔದಾರ್ಯ ನನ್ನ ಜೊತೆಗೇ ಮುಗಿಯುತ್ತೆ, ಜಮೀನು ಸಲೀಸಾಗಿ ಹೋಗುತ್ತೆ. ಇಲ್ಲ, ಕೇಳದೇ ಬರ್ತಿದ್ರು ಅಂದ್ರೆ ಅದು ಹಕ್ಕಾಗಬಹುದಂತೆ. ಕಂಪನಿ ವಕೀಲ ಹೇಳ್ತಾನೆ, ನೀವು ಒಳ್ಳೆಯವರು ಅನ್ನೋ ಸತ್ಯ ಹೇಳಿ ಸಾಕು, ಅಂತ. ನಾನು ಒಳ್ಳೆಯವಳಾಗಿದ್ದೇ ಅವರಿಗೆ ಮುಳುವಾಯ್ತಲ್ಲ!"

ಈ ಲೆಕ್ಕ ನಾನು ಊರಿನಲ್ಲಿ ಕಂಡದ್ದು. ನನ್ನ ತಾತ ಅಮೃತ ಮಹಲ್ ಕಾವಲಿನಲ್ಲಿ ಸರ್ಕಾರದ ದನ ಕಾಯುತ್ತಿದ್ದ. ರಾಜರ ಕಾಲದಿಂದ ಬಂದ ಹುಲ್ಲುಗಾವಲು. ತಾತನಂಥವರು ತಮ್ಮ ಸ್ವಂತ ದನ ಮೇಯಿಸಲು ಪ್ರತಿವರ್ಷ ಕಾವಲಿನ ಅಧಿಕಾರಿ ದಾರೋಗನ ಮುಂದೆ ಕೈಕಟ್ಟಿ ನಿಂತು ಅಪ್ಪಣೆ ಪಡೆಯುತ್ತಿದ್ದರು. ಇನ್ನು ಕೆಲವರು ಯಾರನ್ನೂ ಕೇಳದೆ ಕಾವಲಿನ ಅಂಚನ್ನು ಉತ್ತರು. ಅಪ್ಪಣೆಯಿಲ್ಲದ ಆ ಉಳುಮೆಗೆ ಬಗರ್ ಹುಕುಂ ಎಂದು ಹೆಸರು. ಕಾಲ ಕಳೆದ ಮೇಲೆ ಅವರಲ್ಲಿ ಅನೇಕರಿಗೆ ನೆಲ ಮಂಜೂರಾಯಿತು. ಕೇಳಿ ಕೇಳಿ ಮೇಯಿಸಿದವರಿಗೆ ಏನೂ ಉಳಿಯಲಿಲ್ಲ. ಕೇಳಿದ್ದೇ, ಅದು ಅವರದಲ್ಲ ಎಂಬುದಕ್ಕೆ ಸಾಕ್ಷಿಯಾಯಿತು.

ನನ್ನ ಇಂಗ್ಲಿಷ್ ಸಾಲದಿದ್ದ ಕಡೆ, ಜೊತೆಗೆ ಬಂದಿದ್ದ ಅನಘಾ ತುಂಬಿಸಿ ಹೇಳಿದಳು. ಡೋರತಿ ಕೇಳಿ, "ನಿಮ್ಮ ದೇಶ ನಮ್ಮದಕ್ಕಿಂತ ಹಳೇದು, ಇಷ್ಟಾದ್ರೂ ಬುದ್ಧಿ ಬೇಡವಾ?" ಅಂದರು. ಆಮೇಲೆ ಎದ್ದು, "ನಡೀರಿ, ಪರ್ಲ್ ಮೇಲಿನ ಗೇಟಿನ ಹತ್ರ ಮೇಯ್ತಾ ಇದಾಳೆ."

ಗೇಟಿನ ಬುಡದ ಕಲ್ಲು

ಡೋರತಿಯ ಹಳೆಯ ಪಿಕಪ್ಪಿನಲ್ಲಿ ನಾಲ್ವರೂ ಒತ್ತಿಕೊಂಡು ಕುಳಿತೆವು. ತುದಿಯಲ್ಲಿದ್ದ ನಾನು ಗೇಟು ತೆಗೆಯಲು ಇಳಿದೆ. ಸರಪಳಿ ಇತ್ತು, ಬೀಗ ಇರಲಿಲ್ಲ. ಪಕ್ಕದಲ್ಲಿ ಒಂದು ಎಳೆಯ ಸೀಡರ್. ಅದರ ಒಂದು ಕುಡಿ ಮುರಿದು ಗೇಟಿನ ಕಂಬದ ಬುಡದಲ್ಲಿದ್ದ ಚಪ್ಪಟೆ ಕಲ್ಲಿನ ಮೇಲಿಟ್ಟೆ. ಸರಪಳಿ ತೆಗೆದೆ. ತೆಗೆದ ಮೇಲೆಯೇ ನಾನೇನು ಮಾಡಿದೆ ಎಂದು ನನಗೆ ಗೊತ್ತಾದದ್ದು.

ನಮ್ಮ ಕಾವಲಿನ ಬಾಯಲ್ಲಿ ಒಂದು ಕಲ್ಲಿತ್ತು, ಸೊಪ್ಪಿನಮ್ಮ ಎನ್ನುತ್ತಿದ್ದರು. ಒಳಗೆ ಹೋಗುವವರು ಬಂದರೆ ಎಂಬ ಗಿಡದ ಒಂದು ಕುಡಿ ಸೊಪ್ಪನ್ನು ಮುರಿದು ಅದರ ಮೇಲೆ ಹಾಕಿ ಹೋಗಬೇಕು. ತಾತ ಹಾಕುತ್ತಿದ್ದ, ನಾನು ಅವನ ಹೆಗಲ ಮೇಲಿದ್ದೆ. ಇದು ನನ್ನ ನೆನಪು. ಅಕ್ಕನನ್ನು ಕೇಳಿದರೆ, "ತಾತ ಸೊಪ್ಪು ಹಾಕಿದ್ದನ್ನ ನಾನು ಕಂಡಿಲ್ಲ, ಎಲೆಯಡಿಕೆ ಉಗುಳಿದ್ದನ್ನ ಕಂಡಿದೀನಿ," ಎನ್ನುತ್ತಾಳೆ.

ಡೋರತಿ ಕಿಟಕಿಯಿಂದ ತಲೆ ಹಾಕಿದರು. "ನೀನೂ ಶುರು ಮಾಡಿದೆಯಾ?"

ಊರಲ್ಲಿ ತಾತ ಹೀಗೇ ಸೊಪ್ಪು ಇಡುತ್ತಿದ್ದ ಎಂದು ಹೇಳುತ್ತಿದ್ದಾಗ ಕಂಡೆ. ಕಲ್ಲಿನ ಮೇಲೆ, ಸುತ್ತ, ಒಣಗಿ ಕಂದಾದ ಸೀಡರ್ ಕುಡಿಗಳಿದ್ದವು. ಒಂದೆರಡು ಇನ್ನೂ ಹಸಿರಾಗಿದ್ದವು.

"ಅವರೂ ಇಡ್ತಾರೆ," ಎಂದರು ಡೋರತಿ, ಹೆಮ್ಮೆಯಿಂದ. "ಪ್ರತಿವರ್ಷ. ನನಗೆ ಥ್ಯಾಂಕ್ಸ್ ಹೇಳೋ ರೀತಿ ಅದು. ನನ್ನ ಗಂಡ ಗಾಳಿಗೆ ಬಿದ್ದಿದ್ದು ಅಂತಿದ್ದ. ಅವನಿಗೆ ಇದೆಲ್ಲ ಕಾಣ್ತಿರಲಿಲ್ಲ."

ಗೇಟಿನಾಚೆ ಹುಲ್ಲುಗಾವಲು ನೀಲಿಯಾಗಿತ್ತು. ಹೂ ಬಿಡಿಬಿಡಿಯಾಗಿ ಕಾಣದೆ, ದೂರಕ್ಕೆ ನಿಂತ ನೀರಿನ ಹಾಗೆ ಕಾಣುತ್ತಿತ್ತು. ಸೇತುವೆಯ ಮೇಲೆ ಎಚ್ಚರವಾದ ಗಳಿಗೆ ಮತ್ತೆ ಬಂದಂತಾಗಿ ಕಾಲು ಊರಲು ಹೆದರಿದೆ. ಹುಲ್ಲು ತೊಯ್ದಿತ್ತು. ಮಂಜು ಬೆಟ್ಟದಿಂದ ಇಳಿಯುತ್ತಲೋ ಏರುತ್ತಲೋ ಇತ್ತು. ಆ ನೀಲಿಯ ನಡುವೆ ಇಬ್ಬರು ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದರು, ನಮ್ಮಲ್ಲಿ ಕಳೆ ಕೀಳುವವರ ಹಾಗೆ. ಅವರಿಂದಾಚೆ ಒಂದು ಬೆಣ್ಣೆಬಣ್ಣದ ಹಸು ಮೇಯುತ್ತಿತ್ತು.

ಡೋರತಿ ಕೈ ಬೀಸಿದರು. ಅವರೂ ಬೀಸಿದರು. ಮಾಮೂಲಿಯಂತೆ ಅಲ್ಲಿಗೇ ಮುಗಿಯುತ್ತಿತ್ತೇನೋ, ಪರ್ಲ್ ಅವರ ಪಕ್ಕದಲ್ಲೇ ಇಲ್ಲದಿದ್ದರೆ.

ಹಿರಿಯಾಕೆಯ ಹೆಸರು ಐರೀನ್, ಡೋರತಿಯ ವಯಸ್ಸಿನವರೇ. ಚಿಕ್ಕವಳು ಅವರ ತಂಗಿಯ ಮಗಳು ಲೊರೇನ್. ಆಕ್ಷೇಪಣೆಗೆ ಸಹಿ ಹಾಕಿದ್ದು ಅವಳೇ. ಲೊರೇನ್ ಡೋರತಿಯನ್ನು ಕಂಡು ಬಿಗಿದುಕೊಂಡಳು. ಐರೀನ್ ಮಾತ್ರ ಒಂದು ಗೆಡ್ಡೆ ಎತ್ತಿ ನನಗೆ ತೋರಿಸಿದರು, ಪುಟ್ಟ ಈರುಳ್ಳಿಯಂಥದ್ದು. ಗುಂಡಿಯಲ್ಲಿ ಬಿಸಿಗಲ್ಲಿನ ಮೇಲೆ ಬೇಯಿಸಿದರೆ ಬೆಲ್ಲದಷ್ಟು ಸಿಹಿಯಾಗುತ್ತದಂತೆ.

"ಹೂವಿರೋವಾಗಲೇ ಅಗೀಬೇಕು. ಬಿಳಿ ಹೂವಿಂದು ವಿಷ. ಹೂ ಹೋದ್ಮೇಲೆ ಎರಡೂ ಒಂದೇ ಥರ ಕಾಣ್ತಾವೆ."

"ಇವಳೂ ಬರ್ತಾ ನನಗೊಂದು ಕುಡಿ ಇಟ್ಟಳು, ನಿಮ್ಮ ಹಾಗೇ!" ಎಂದು ಡೋರತಿ ನನ್ನತ್ತ ಕೈ ಮಾಡಿ ನಕ್ಕರು. ಮುಂದಿನ ವಾರದ ಬಿಗುವನ್ನು ಸಡಿಲಿಸಲು ಆಡಿದ ಮಾತು.

"ನಿನಗೆ?" ಎಂದರು ಐರೀನ್.

"ಥ್ಯಾಂಕ್ಸ್ ಅಂತ."

ಐರೀನ್ ಗೆಡ್ಡೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. "ನಿನಗಲ್ಲ, ಡೋರತಿ."

"ಮತ್ತೆ ಯಾರಿಗೆ?"

"ಅಗೆಯೋ ಮೊದಲು ಕೇಳ್ಬೇಕಲ್ಲ. ಇದನ್ನ." ಪಾದದ ಕೆಳಗಿನ ನೆಲವನ್ನು ಗಲ್ಲದಿಂದ ತೋರಿಸಿದರು. "ನಮ್ಮ ಅಜ್ಜಿ ಕೇಳ್ತಿದ್ದಳು. ಈ ಬಯಲು ಕಾಡಾಗದ ಹಾಗೆ ಅವರ ಕಾಲದಲ್ಲಿ ಬೆಂಕಿ ಕೊಟ್ಟು ಕೊಟ್ಟು ಕಾಯ್ತಿದ್ರು. ನಿನ್ನ ಗಂಡನ ಅಜ್ಜ ಬಂದು, ಆಹಾ ತಯಾರಾಗಿದೆ ಅಂದ. ಗೇಟು ಆಮೇಲೆ ಬಂತು, ಕಲ್ಲು ಮೊದಲಿಂದ ಇತ್ತು. ಗೇಟು ಅಲ್ಲಿ ಬಂದಿದ್ದೇ ನಾವು ತುಳಿದ ದಾರಿ ಅಲ್ಲಿತ್ತು ಅಂತ."

"ಮತ್ತೆ ನಾನು ಕೈ ಬೀಸ್ತಿದ್ದದ್ದು?"

"ನೀನು ಬೀಸ್ತಿದ್ದೆ, ನಾವೂ ಬೀಸ್ತಿದ್ವಿ. ಒಳ್ಳೇ ಹೆಂಗಸು ಅಂತಿದ್ವಿ."

ಸುಮಿತ್ರಾ ಹಸುವಿನ ಕೊರಳು ಸವರುತ್ತಾ ನಿಂತಳು. ಡೋರತಿಯ ಮುಖದಲ್ಲಿ ಕಂಡದ್ದು ಕೋಪವಲ್ಲ. ತಾನೇ ಯಜಮಾನಿಯೆಂದುಕೊಂಡು ನೆಂಟರಿಗೆ ಬಡಿಸುತ್ತಾ ಬಂದವಳಿಗೆ, ಇದು ಬೇರೆಯವರ ಮನೆಯ ಮದುವೆ ಎಂದು ತಿಳಿದಾಗ ಆಗುವಂಥದ್ದು. ನನಗೆ ಆ ತೆಲುಗು ಹೆಂಗಸಿನ ಅಡುಗೆಮನೆ ನೆನಪಾಯಿತು.

ಸೊಪ್ಪಿನಮ್ಮನ ಕಲ್ಲೂ ಈ ಕಲ್ಲೂ ಒಂದೇ ಎಂದು ಆ ಹೊತ್ತಿಗೆ ಹೇಳುವ ಆಸೆ ಬಂತು. ಹೇಳಲಿಲ್ಲ. ಒಂದೇ ಎಂದು ನನಗೆ ಗೊತ್ತಿಲ್ಲ. ಪರದೇಶದಲ್ಲಿ ಎರಡು ಕಲ್ಲು ಕಂಡರೆ ಒಂದೇ ದೇವರೆನ್ನುವ ಚಪಲ ಪ್ರವಾಸಿಗರಿಗೆ ಇರುತ್ತದೆ.

ಖಚಿತವಾ?

ಮುಂದಿನ ದಿನಗಳು ಮಳೆಯೂ ಅಲ್ಲದ, ಮಳೆ ಇಲ್ಲವೆಂದೂ ಹೇಳಲಾಗದ ಒಂದು ತುಂತುರಿನಲ್ಲಿ ಕಳೆದವು. ಇಲ್ಲಿನವರು ಕೊಡೆ ಹಿಡಿಯುವುದಿಲ್ಲ. ಹಿಡಿದವಳು ಪರಊರಿನವಳು ಎಂದು ಅನಘಾ ನನ್ನ ಕೊಡೆಯನ್ನು ಬಚ್ಚಿಟ್ಟಳು. ಗರಾಜು ದಾಟಿಯೂ ಹಸು ನುಗ್ಗಿದರೆ ಎಂದು ಸುಮಿತ್ರಾ ಕಾರ್ಪೆಟ್ಟಿಗೆ ಪ್ಲಾಸ್ಟಿಕ್ ಹಾಸಿದಳು, ಅದರ ಮೇಲೆ ತಾನೇ ಜಾರಿ ಬಿದ್ದಳು, ಹಸು ಜಾರಬಾರದೆಂದು ಪ್ಲಾಸ್ಟಿಕ್ಕಿನ ಮೇಲೆ ಜಮಖಾನ ಹಾಸಿದಳು.

ಹೇಳಿಕೆಯ ಹಿಂದಿನ ದಿನ ಡೋರತಿ ಫೋನು ಮಾಡಿ, "ಆ ಇತಿಹಾಸದವಳನ್ನ ಕರ್ಕೊಂಡು ಬಾ," ಎಂದರಂತೆ. ಮೂವರೂ ಹೋದೆವು. ಅವರು ಕಿಟಕಿಯ ಪಕ್ಕ ಕುಳಿತಿದ್ದರು. ಹೊರಗೆ ಬಯಲು ಕಾಣುತ್ತಿರಲಿಲ್ಲ, ಬಿಳಿ ಮಾತ್ರ.

"ನಿನ್ನ ಅಜ್ಜ. ಸೊಪ್ಪು ಇಡ್ತಿದ್ದ ಅಂದೆಯಲ್ಲ. ಖಚಿತವಾ?"

ಸುಮಿತ್ರಾ ನನ್ನ ಮುಖ ನೋಡಿದಳು. ಹೌದೆನ್ನು ಎಂಬಂತೆ.

"ಇಲ್ಲ," ಎಂದೆ. "ಹೆಗಲ ಮೇಲೆ ಕೂತು ನೋಡಿದ ನೆನಪು. ಒಂದೇ ಸಲ ನೋಡಿ ದಿನಾ ಅಂದ್ಕೊಂಡಿರಬಹುದು. ಬೇರೆಯವರು ಹೇಳಿದ್ದು ಕೇಳಿ, ನೋಡಿದೀನಿ ಅಂದ್ಕೊಂಡಿರಬಹುದು. ಅಕ್ಕ ಇಲ್ಲ ಅಂತಾಳೆ."

"ಮತ್ತೆ ಅವತ್ತು ಕೈ ತಾನಾಗೇ ಮುರೀತಲ್ಲ ಕುಡಿಯನ್ನ?"

"ಮುರೀತು."

ಡೋರತಿ ಆ ಬಿಳಿಯತ್ತ ತಿರುಗಿದರು. "ನನಗೆ ನನ್ನ ಕೈ ನೆನಪಿದೆ," ಎಂದರು. "ಹೀಗೆ." ಬೀಸಿ ತೋರಿಸಿದರು. "ಅದರಲ್ಲಿ 'ಬನ್ನಿ' ಅನ್ನೋದು ಇತ್ತಾ, 'ನಮಸ್ಕಾರ' ಅನ್ನೋದು ಇತ್ತಾ? ಮೂರು ದಿನದಿಂದ ಬೀಸಿ ಬೀಸಿ ನೋಡ್ತಾ ಇದೀನಿ. ಅವತ್ತಿನ ಕೈ ಸಿಗ್ತಾ ಇಲ್ಲ. ಈಗ ಬೀಸಿದ್ರೆ ಬರೀ ತೋಳು ನೋಯುತ್ತೆ."

"ವಕೀಲರು ಏನಂತಾರೆ?" ಎಂದಳು ಸುಮಿತ್ರಾ.

"ಕಂಪನಿಯವನು, ಅದು ಅಪ್ಪಣೆ ಅಂತಾನೆ. ಲೊರೇನ್ ಕಡೆಯವಳು, ಅಲ್ಲ ಅಂತಾಳೆ. ಇಬ್ಬರೂ ಆ ಕಿಟಕೀಲಿ ನಿಂತಿರಲಿಲ್ಲ." ಮಂಡಿ ನೀವಿಕೊಂಡರು. "ಈ ಮಂಡಿಗೆ ಆ ಮೆಟ್ಟಿಲಿಲ್ಲದ ಮನೆ ಬೇಕು, ಸುಮಿ. ಇನ್ನೊಂದು ಚಳಿಗಾಲ ನಾನು ದನದ ಹಿಂದೆ ಓಡಲಾರೆ."

ಅನಘಾ ಕೇಳಿದಳು, ತನ್ನದೇ ಇಂಗ್ಲಿಷಿನಲ್ಲಿ: "ನಿಮಗೆ ಗೊತ್ತಿಲ್ಲದ್ದನ್ನ ಬಿಟ್ಟು, ಗೊತ್ತಿರೋದು ಏನು?"

ಡೋರತಿ ಅವಳನ್ನು ನೋಡಿ, "ಇವಳೂ ವಕೀಲಳಾಗ್ತಾಳಾ?" ಎಂದರು.

"ದೇವರೇ, ಬೇಡ," ಎಂದಳು ಸುಮಿತ್ರಾ.

ನಾವು ಹೊರಟೆವು. ದಾರಿಯುದ್ದಕ್ಕೂ ನನ್ನನ್ನು ಒಂದು ಅಳುಕು ಕಾಡಿತು. ಎಲ್ಲಿಂದಲೋ ಬಂದವಳು, ನಿಜವೋ ಅಲ್ಲವೋ ತಿಳಿಯದ ಒಂದು ನೆನಪಿನಿಂದ ಒಂದು ಕುಡಿ ಮುರಿದು, ಇವರ ಜಮೀನಿನ ಮಾತನ್ನು ಎಲ್ಲಿಗೋ ತಿರುಗಿಸಿಬಿಟ್ಟೆನೇ? ಕಾರಿನ ಗಾಜಿನ ಮೇಲೆ ಒರಸುವ ಕಡ್ಡಿ ಆಚೀಚೆ ಕೈ ಬೀಸುತ್ತಿತ್ತು.

ಗೃಹಪ್ರವೇಶ

ಆ ಬೆಳಿಗ್ಗೆ ಬಿಸಿಲು. ಡೈರಿಯಲ್ಲೂ ಬಿಸಿಲು, ನೆನಪಿನಲ್ಲೂ ಬಿಸಿಲು. ಬಾಗಿಲಿಗೆ ಮಾವಿನೆಲೆ ಸಿಗದೆ ಪ್ಲಾಸ್ಟಿಕ್ ತೋರಣ. ರೆಡ್ಮಂಡಿನ ಎಜುಕೇಶನ್ ಹಿಲ್ಲಿನಿಂದ ಬಂದ ಹೆಂಗಸರು ಗರಾಜಿನಲ್ಲಿ ರಂಗೋಲಿ ಹಾಕುತ್ತಿದ್ದರು. "ಹಸು ನಿಜವಾಗ್ಲೂ ಬರುತ್ತಾ, ಇಲ್ಲಾ ಪೊಲೀಸ್ನೋರು ಡ್ರೈವರ್ ಲೈಸೆನ್ಸ್ ಕೇಳಿ ಹಿಡಿದಿದಾರಾ?" ಎಂದು ಯಾರೋ ನಕ್ಕರು. ಅಷ್ಟರಲ್ಲಿ ಡೋರತಿಯ ಪಿಕಪ್ಪು, ಅದರ ಹಿಂದೆ ಟ್ರೇಲರಿನಲ್ಲಿ ಪರ್ಲ್.

ಹಿಂದಿನ ದಿನವೇ ಹೇಳಿಕೆ ಮುಗಿದಿತ್ತು. ಏನಾಯಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸುಮಿತ್ರಾ ಹಸುವಿನ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಪರ್ಲ್ ಗರಾಜಿನ ಅಂಚಿಗೆ ಬಂದು ನಿಂತುಬಿಟ್ಟಳು. ಹಗ್ಗ ಎಳೆದರೆ ಇಲ್ಲ, ಮಂತ್ರಕ್ಕೆ ಇಲ್ಲ, ಬೆಲ್ಲಕ್ಕೆ ಇಲ್ಲ. ಪುರೋಹಿತರು ಗಡಿಯಾರ ನೋಡಿದರು. ಎಲ್ಲರೂ ಡೋರತಿಯತ್ತ ನೋಡಿದರು.

"ನನ್ನನ್ನ ಯಾಕೆ ನೋಡ್ತೀರಿ?" ಎಂದರು ಡೋರತಿ. "ಅಪ್ಪಣೆ ಕೊಡೋ ಕೆಲಸ ನಾನು ನಿನ್ನೆಗೆ ಬಿಟ್ಟೆ."

ಅನಘಾ ಒಳಗಿನಿಂದ ಒಂದು ಬಾಳೆಹಣ್ಣು ಹಿಡಿದು, ಮೊದಲ ಬಾರಿಗೆ ನನ್ನ ಕಿವಿಗೆ ಬಿದ್ದ ಪೂರ್ತಿ ಕನ್ನಡದಲ್ಲಿ, "ಬಾರೇ, ಒಳಗೆ ಬಾ," ಎಂದಳು. ಪರ್ಲ್ ಮರ್ಯಾದೆ ಮರೆತು ಒಳಗೆ ನುಗ್ಗಿದಳು. ಜಮಖಾನದ ಮೇಲೆ ಶುಭವೂ ಆಯಿತು.

ಊಟವಾದ ಮೇಲೆ ಹಸುವನ್ನು ವಾಪಸು ಬಿಡಲು ನಾನೂ ಡೋರತಿಯ ಜೊತೆ ಹೋದೆ. ದಾರಿಯಲ್ಲಿ ಅವರೇ ಹೇಳಿದರು.

"ಅವರು ನಿಮ್ಮ ಅಪ್ಪಣೆ ಕೇಳ್ತಿದ್ರಾ ಅಂದ. ನನ್ನನ್ನ ಯಾವತ್ತೂ ಕೇಳಿಲ್ಲ ಅಂದೆ. ನೀವು ಕೈ ಬೀಸಿ ಕರೀತಿದ್ರಲ್ಲ ಅಂದ. ಕೈ ಬೀಸಿದ್ದು ಗೊತ್ತು, ಕರೆದಿದ್ದು ಗೊತ್ತಿಲ್ಲ ಅಂದೆ. ಅವರು ಗೇಟಿನ ಹತ್ರ ಕೇಳ್ತಿದ್ರು, ಕೇಳಿಸ್ಕೋತಿದ್ದವಳು ನಾನಲ್ಲ, ಅಂತಾನೂ ಅಂದೆ. ಅದನ್ನ ಬರ್ಕೊಳ್ಳೋದಾ ಬೇಡ್ವಾ ಅಂತ ಅವರವರಲ್ಲೇ ಜಗಳ ಆಯ್ತು." ಗೇರು ಬದಲಿಸುತ್ತಾ ಮಂಡಿಯನ್ನು ಬೈದರು. "ಮೆಟ್ಟಿಲು ಇನ್ನೊಂದಷ್ಟು ದಿನ ಹತ್ತಬೇಕಾಗುತ್ತೆ."

ಎಷ್ಟು ದಿನ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಡೋರತಿ ಮತ್ತೊಂದು ಚಳಿಗಾಲ ದನದ ಹಿಂದೆ ಓಡಿದರೆಂದೂ, ಕೊನೆಗೆ ಕೆಳಗಿನ ಜಮೀನು ಮಾತ್ರ ಮಾರಾಟವಾಗಿ ಹೊಸ ಮನೆಗಳು ಆ ಗೇಟಿನ ಈಚೆಗೇ ನಿಂತವೆಂದೂ ಸುಮಿತ್ರಾ ಆಮೇಲೆ ಫೋನಿನಲ್ಲಿ ಹೇಳಿದಳು.

ನಾವು ಮೇಲಿನ ಗೇಟು ತಲುಪಿದಾಗ ಬಿಸಿಲಿಗೆ ನೀಲಿ ಇನ್ನಷ್ಟು ಗಾಢವಾಗಿತ್ತು. ಐರೀನ್ ಮತ್ತು ಲೊರೇನ್ ನಡುವಿನಲ್ಲಿದ್ದರು. ಡೋರತಿಯ ಕೈ ಅಭ್ಯಾಸದಿಂದ ಮೇಲೆದ್ದು ಅರ್ಧಕ್ಕೆ ನಿಂತಿತು. ಇಳಿಸಬೇಕೋ ಬೀಸಬೇಕೋ ಅದಕ್ಕೇ ತಿಳಿಯಲಿಲ್ಲ. ದೂರದಿಂದ ಐರೀನ್ ನೆಟ್ಟಗೆ ನಿಂತು ಕೈ ಬೀಸಿದರು. ಬಾ ಎಂದೋ, ಸುಮ್ಮನೆ ನಮಸ್ಕಾರವೋ, ನಾನು ಹೇಳಲಾರೆ.

ಡೋರತಿ ಇಳಿದರು, ಪರ್ಲಳನ್ನು ಇಳಿಸಿದರು. ಗೇಟಿನ ಮುಂದೆ ನಿಂತು ಹಸುವಿನ ಮಾಲೆಯಿಂದ ಒಂದು ಚೆಂಡುಹೂ ಕಿತ್ತರು. ಕಲ್ಲಿನ ಬಳಿ ಬಗ್ಗಲು ಮಂಡಿ ಒಪ್ಪಲಿಲ್ಲ. ನಾನು ತೋಳು ಹಿಡಿದೆ.

"ಏನಂತ ಹೇಳ್ಬೇಕು?" ಎಂದರು ಪಿಸುದನಿಯಲ್ಲಿ.

"ಗೊತ್ತಿಲ್ಲ," ಎಂದೆ. "ತಾತ ಏನಂತಿದ್ದ ಅನ್ನೋದು ಕೇಳಿಸ್ತಿರಲಿಲ್ಲ. ನಾನು ಹೆಗಲ ಮೇಲಿದ್ದೆ."

ಡೋರತಿ ಹೂವನ್ನು ಕಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದರು. ಏನು ಕೇಳಿದರೋ. ಕಣ್ಣು ಬಿಡುವಷ್ಟರಲ್ಲಿ ಪರ್ಲ್ ನಮ್ಮಿಬ್ಬರ ನಡುವೆ ಕತ್ತು ತೂರಿಸಿ, ಆ ಹೂವನ್ನು ನಾಲಗೆಯಿಂದ ಎತ್ತಿಕೊಂಡು ತಿಂದು, ತೆರೆದಿದ್ದ ಗೇಟಿನಿಂದ ಒಳಗೆ ಹೋದಳು. ಮೊದಲು ನಕ್ಕದ್ದು ಡೋರತಿಯೋ, ದೂರದಲ್ಲಿದ್ದ ಐರೀನೋ, ನನಗೆ ನೆನಪಿಲ್ಲ. ಹಸುವಿನ ಹಿಂದೆ ನಾವಿಬ್ಬರೂ ಒಳಗೆ ನಡೆದದ್ದು ಮಾತ್ರ ನೆನಪಿದೆ.